ಬೆವರಿನ ಬೇಲಿ

ನಲವತ್ತಾರು ವರ್ಷಗಳ ಬಾಳಿನಲ್ಲಿ ನಾನು ಯಾವುದನ್ನೂ ಪರೀಕ್ಷಿಸದೆ ನಂಬಿದವನಲ್ಲ, ಮದುವೆಯೊಂದನ್ನು ಬಿಟ್ಟು! ಆದ್ದರಿಂದಲೇ, ತೊಣ್ಣೂರಿನ ನಮ್ಮ ಹಿತ್ತಲಿನ ಅವರೆಗೆ ಗುಡ್ಡದ ಜಿಂಕೆಗಳು ಬಾಯಿ ಹಾಕಿದ ದಿನ ಊರಿನವರೆಲ್ಲ ಕೋಲು ಹುಡುಕಿದರೆ ನಾನು ಕನ್ನಡಕ ಹುಡುಕಿದೆ. ಕಪಾಟಿನಲ್ಲಿದ್ದ ಹತ್ತು ವರ್ಷಗಳ ವಿಜ್ಞಾನ ಪತ್ರಿಕೆಗಳನ್ನು ಜಾಲಾಡಿ, ಹೆಂಡತಿ ಪುಟ್ಟಗೌರಮ್ಮನ ಮುಂದೆ ಘೋಷಿಸಿದೆ:

“ಇನ್ನೊಂದು ಜಿಂಕೆ ಈ ಬೇಲಿ ಕಡೆ ಮೂತಿ ತಿರುಗಿಸಿದರೆ ನನ್ನ ಹೆಸರು ಶಿವಶಂಕರನೇ ಅಲ್ಲ!”

“ಎಸ್ರು ಯಾವ್ದಾರ ಇಟ್ಕಳಿ. ಮಗ್ಳಿಗೆ ಅವರೆಕಾಯ್ ಉಳಿಸ್ಕೊಡಿ, ಸಾಕು.”

ವಿಷಯ ಗಂಭೀರವಾಗಿತ್ತು. ಕಿಕ್ಕೇರಿಗೆ ಕೊಟ್ಟಿದ್ದ ಮಗಳು ರಂಜಿತ ಚೊಚ್ಚಲ ಬಸುರಿ. ಮುಂದಿನ ಸೋಮವಾರ ತವರಿಗೆ ಬರುವವಳು, “ನಮ್ಮೂರ ಸೊಗಡವರೆಯ ಹಿತಕಿದ ಬೇಳೆ ಸಾರು ಬೇಕು” ಎಂದು ಕಾಗದ ಬರೆದಿದ್ದಳು. 1996ರ ಆ ಡಿಸೆಂಬರಿನಲ್ಲಿ ಊರಿನ ಹೊಲಗಳನ್ನೆಲ್ಲ ಜಿಂಕೆಗಳು ಬೋಳಿಸುತ್ತಿದ್ದವು. ಬಸುರಿಯ ಬಯಕೆ ನಮ್ಮ ಹಿತ್ತಲಿನ ಆರು ಸಾಲು ಗಿಡಗಳನ್ನೇ ನೆಚ್ಚಿಕೊಂಡಿತ್ತು.

ನನ್ನ ಮೊದಲ ಸೂತ್ರ: ಕೊಳೆತ ಮೊಟ್ಟೆ, ಬೆಳ್ಳುಳ್ಳಿ, ಮೆಣಸಿನಪುಡಿಯ ಕಷಾಯ. ಬಕೆಟ್ಟಿನೊಂದಿಗೆ ಹಿತ್ತಲ ಬಾಗಿಲು ದಾಟುವ ಮುನ್ನವೇ ತಡೆಯಾಜ್ಞೆ ಬಂತು.

“ಬಸ್ರಿ ತಿನ್ನೋ ಕಾಯ್ಗೆ ಕೊಳ್ತ ಮೊಟ್ಟೆ ಉಯ್ತೀರಾ? ನಿಮ್ ತಲೆ ಮ್ಯಾಕೇ ಉಯ್ಕಳಿ!”

ಎರಡನೆಯ ಸೂತ್ರ ಇನ್ನೂ ಶಾಸ್ತ್ರೀಯವಾದದ್ದು. ಕಾಡುಪ್ರಾಣಿಗೆ ಮನುಷ್ಯನ ವಾಸನೆ ಎಂದರೆ ಭಯ. ಆ ವಾಸನೆಯ ಸಾರವೇ ಬೆವರು. ಅದನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆ ಬನೀನು! ಆದರೆ ಡಿಸೆಂಬರಿನ ಚಳಿಯಲ್ಲಿ, ಪಾಂಡವಪುರದ ಕಚೇರಿಯ ಕುರ್ಚಿಯಲ್ಲಿ ಕುಳಿತು ಬೆವರುವುದು ಹೇಗೆ? ಕೆರೆ ಏರಿಯ ಮೇಲೆ ಎರಡು ದಿನ ಓಡಿದೆ. ಬೆವರು ಬರಲಿಲ್ಲ, ನೆಗಡಿ ಬಂತು.

ಆಗ ಹೊಳೆದದ್ದು ನಮ್ಮ ಬೇಲಿಯಾಚೆಯ ಆಲೆಮನೆ. ಅಲ್ಲಿ ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ನೋಡುವ ಕರಿಯಯ್ಯ ಹಾಗೂ ಅವನ ಸಂಗಡಿಗರು ಯಾವ ಚಳಿಯಲ್ಲೂ ತೊಯ್ದು ತೊಪ್ಪೆಯಾಗಿರುತ್ತಿದ್ದರು.

“ಕರಿಯಯ್ಯ, ನಿಮ್ ಹಳೇ ಅಂಗಿ ಬೇಕಾಗಿತ್ತಲ್ಲಾ. ಒಗೀದೇ ಇರೋವು.”

“ಒಗೀದೇ ಇರೋವಾ! ಶಿವಶಂಕರಣ್ಣ, ಉಸಾರಾಗಿದ್ದೀಯ ತಾನೆ?”

“ಅದರ ವಾಸ್ನೆಗೆ ಜಿಂಕೆ ಎದ್ರತವೆ ಕಣಯ್ಯಾ.”

“ಇದ್ರೂ ಇರಬೈದು ಬುಡು. ನಮ್ಮನೇವ್ಳೂ ಎದ್ರತಾಳೆ!”

ಎಂಟು ಅಂಗಿಗಳು ಸಿಕ್ಕವು. ಗೂಟಕ್ಕೆ ತೊಡಿಸದೆಯೂ ತಾವಾಗಿಯೇ ನಿಲ್ಲುವಷ್ಟು ಗಡುಸು! ‘ಬೆವರಿನ ಸಾಂದ್ರತೆ ಅಸಾಧಾರಣ’ ಎಂದು ಟಿಪ್ಪಣಿ ಬರೆದುಕೊಂಡು ಬೇಲಿಯುದ್ದಕ್ಕೂ ಕಟ್ಟಿದೆ. ಸಂಜೆಯ ಹೊತ್ತಿಗೆ ಪ್ರತಿ ಅಂಗಿಗೂ ಇರುವೆಗಳ ಮೆರವಣಿಗೆ.

“ಏನ್ರೀ, ಬೆವರಿಗೆ ಇರ್ವೆ ಮುತ್ತಾವಾ?”

“ಕೀಟಗಳು ಈ ಪ್ರಯೋಗದ ವ್ಯಾಪ್ತಿಗೆ ಬರುವುದಿಲ್ಲ,” ಎಂದೆ.

ಎರಡು ಬೆಳಗು ಒಂದು ಜಿಂಕೆಯೂ ಸುಳಿಯಲಿಲ್ಲ. ಕಚೇರಿಯಲ್ಲಿ ಈ ಶೋಧದ ಬಗ್ಗೆ ಉಪನ್ಯಾಸವನ್ನೇ ಕೊಟ್ಟೆ. ಮೂರನೆಯ ಬೆಳಗು, ಇನ್ನೂ ಬೆಳಕು ಹರಿಯುತ್ತಿದ್ದಾಗ, ಪುಟ್ಟಗೌರಮ್ಮ ನನ್ನ ಕಂಬಳಿ ಎಳೆದಳು.

“ಏಳಿ, ಏಳಿ! ನಿಮ್ ವಿಜ್ಞಾನ ಬಂದದೆ, ಸಂಸಾರ ಸಮೇತ!”

ಹನ್ನೊಂದು ಜಿಂಕೆಗಳು! ಒಂದು ಕಾಲರು ಚೀಪುತ್ತಿತ್ತು, ಇನ್ನೊಂದು ಜೇಬನ್ನು ನೆಕ್ಕುತ್ತಿತ್ತು. ಅಂಗಿ ಮುಗಿಸಿದವು ಬಾಯಿ ರುಚಿ ಬದಲಿಸಲು ಅವರೆ ಸಾಲಿಗೆ ಇಳಿದಿದ್ದವು. ನಾನು ಕೂಗಿಕೊಂಡು ನುಗ್ಗಿದೆ. ಗಂಡು ಜಿಂಕೆಯೊಂದು ಕೊಂಬಿಗೆ ಅಂಗಿ ಸಿಕ್ಕಿಸಿಕೊಂಡೇ ಬೇಲಿ ಹಾರಿತು. ಕೆರೆಗೆ ಬಟ್ಟೆ ಒಗೆಯಲು ಹೊರಟಿದ್ದ ಕುಳ್ಳಮ್ಮ ಬೀದಿಯಿಂದಲೇ ಊರಿಗೆಲ್ಲ ಸಾರಿದಳು: “ಅಯ್ಯಯ್ಯೋ! ಕರಿಯಯ್ಯನ ಅಂಗಿ ಇಕ್ಕಂಡು ಜಿಂಕೆ ಓಡೋಯ್ತದೆ ಕಣ್ರಪ್ಪೋ!”

ಹಿತ್ತಲಲ್ಲಿ ಉಳಿದದ್ದು ಬರೀ ಕಡ್ಡಿ. ಕಾರಣ ತಿಳಿಯದೆ ಬಿಡುವುದು ನನ್ನ ಜಾಯಮಾನವಲ್ಲ. ಹರಿದು ಬಿದ್ದಿದ್ದ ತೋಳೊಂದನ್ನು ಎತ್ತಿ, ಅತ್ತಿತ್ತ ನೋಡಿ, ತುದಿಯನ್ನು ನಾಲಿಗೆಗೆ ತಾಗಿಸಿದೆ. ಮೊದಲು ಉಪ್ಪು, ಅದರ ಹಿಂದೆಯೇ ಬೆಲ್ಲ! ಕೊಪ್ಪರಿಗೆಯಿಂದ ಸಿಡಿದ ಪಾಕವನ್ನೆಲ್ಲ ಆ ಅಂಗಿಗಳು ತಿಂಗಳುಗಟ್ಟಲೆ ಕುಡಿದಿದ್ದವು. ನಾನು ಕಟ್ಟಿದ್ದು ಬೇಲಿಯನ್ನಲ್ಲ, ಔತಣದ ಚಪ್ಪರವನ್ನು!

“ನೀವೂ ಸುರು ಮಾಡ್ಕಂಡ್ರಾ?” ಬೆನ್ನ ಹಿಂದಿನಿಂದ ಪುಟ್ಟಗೌರಮ್ಮನ ದನಿ ಬಂತು.

ಸೋಮವಾರ ಬಸ್ಸಿಳಿದ ರಂಜಿತ ನೇರವಾಗಿ ಹಿತ್ತಲಿಗೆ ನಡೆದು, ಕಡ್ಡಿಗಳನ್ನು ನೋಡಿ ನಿಂತಳು. “ಓಗ್ಲಿ ಬುಡಪ್ಪ. ಉಳ್ಳಿಕಾಳು ಸಾರೇ ಮಾಡ್ಲಿ,” ಎಂದಳು. ಮುಖ ಮಾತ್ರ ನನ್ನ ಕಡೆ ತಿರುಗಿಸಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಕುಕ್ಕೆ, ಕಂಕುಳಲ್ಲಿ ಗಂಟು ಹಿಡಿದು ಕರಿಯಯ್ಯ ಬಂದ. ಕುಕ್ಕೆ ಇಳಿಸಿದ, ಇಡೀ ಹಿತ್ತಲೇ ಘಮ್ಮೆಂದಿತು. ತುಂಬ ಸೊಗಡವರೆ!

“ತಗಳವ್ವ ರಂಜಿತ, ಒಟ್ಟೆ ತುಂಬ ಉಣ್ಣು.”

“ನಿನ್ ಹೊಲಕ್ಕೂ ಜಿಂಕೆ ಬೀಳ್ತಿದ್ವಲ್ಲಯ್ಯಾ?” ಎಂದೆ ಬೆರಗಾಗಿ.

“ಬೀಳ್ತಿದ್ವು ಕಣಣ್ಣ. ನೀನು ಅಂಗಿ ಕಟ್ಟಿದ್ಮ್ಯಾಕೆ ಒಂದೂ ನನ್ ತಾವ ತಲೆ ಆಕ್ನಿಲ್ಲ. ಎಲ್ಲಾ ನಿಮ್ಮನೆಗೇ ಬಂದ್ಬುಟ್ವು!” ಕಂಕುಳಿನ ಗಂಟನ್ನು ಸಂಕೋಚದಿಂದ ಮುಂದೆ ಚಾಚಿದ. “ನನ್ ಹೊಲದಲ್ಲಿ ಇನ್ನೂ ಎರಡು ಸಲ ಬಿಡಿಸೋವಷ್ಟು ಕಾಯಿ ಅದೆ. ಇವು ಇವತ್ತು ಬಿಚ್ಚಿದ್ ಅಂಗಿಗೊಳು... ಇವ್ನೂ ಒಸಿ ಕಟ್ಬುಡಣ್ಣ.”

ನಾನು ಕೈ ಚಾಚುವ ಮೊದಲೇ ಪುಟ್ಟಗೌರಮ್ಮ ಗಂಟನ್ನು ಕಿತ್ತುಕೊಂಡಳು.

“ಇಲ್ಲಿ ಕೊಡಣ್ಣ, ನಾನೇ ಕಟ್ತೀನಿ. ಇವ್ರ ಕೈಗೆ ಕೊಟ್ರೆ ನೆಕ್ಬುಡ್ತಾರೆ!”