ನನ್ನ ಗಂಟಲಿನಲ್ಲಿ ಹೆಂಡತಿಯ ಸಂಶೋಧನೆ

ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಗಾಜಿನ ಗೂಡಿನೊಳಗೆ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಕಳೆದುಹೋದ ಮಗುವಿನ ಅಂಗಿ ಯಾವ ಬಣ್ಣದ್ದು ಎಂದು ಘೋಷಿಸುವುದು ನನ್ನ ಉದ್ಯೋಗ. ನನ್ನ ಒಂದು ಮಾತಿಗೆ ನೂರಾರು ಜನ ಗಂಟುಮೂಟೆ ಹೊತ್ತು ಓಡುತ್ತಾರೆ. (ಇಷ್ಟು ವಿಧೇಯ ಪ್ರಜೆಗಳು ಚಕ್ರವರ್ತಿಗಳಿಗೂ ಇದ್ದಿರಲಿಕ್ಕಿಲ್ಲ.) ಆದರೆ ಇಷ್ಟು ವರ್ಷಗಳಲ್ಲಿ ಒಬ್ಬನಾದರೂ ಆ ಗಾಜಿನತ್ತ ತಿರುಗಿ "ಊಟ ಆಯ್ತಾ?" ಎಂದು ಕೇಳಿದ್ದಿಲ್ಲ. ನನ್ನ ಮಾತು ಊರಿಗೆಲ್ಲ ಹೋಗುತ್ತದೆ, ನನಗೆ ಮಾತ್ರ ಯಾರ ಮಾತೂ ಬರುವುದಿಲ್ಲ.

ಮನೆಯಲ್ಲಾದರೂ ಬರುತ್ತದೆಯೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ರೋಗಾಣುಗಳ ಸಂಶೋಧಕಿ. ಸಣ್ಣ ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ಸಾಕಿ ಬೆಳೆಸಿ, ಅವುಗಳ ಮೇಲೆ ಲವಂಗ, ದಾಲ್ಚಿನ್ನಿ, ನೀಲಗಿರಿ ಎಣ್ಣೆಗಳಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟು, ಮರುದಿನ ಬಿಲ್ಲೆಯ ಸುತ್ತ ರೋಗಾಣು ಸತ್ತು ಎಷ್ಟು ಅಗಲ ಬೋಳಾಗಿದೆ ಎಂದು ಸ್ಕೇಲು ಹಿಡಿದು ಅಳೆಯುತ್ತಾಳೆ. ಬೋಳು ದೊಡ್ಡದಾದಷ್ಟೂ ಎಣ್ಣೆ ಗಟ್ಟಿ ಎಂದು ಲೆಕ್ಕ. (ನನ್ನ ನೆತ್ತಿಯ ಮೇಲೂ ಅಂಥದೇ ಒಂದು ವೃತ್ತ ವರ್ಷವರ್ಷವೂ ವಿಸ್ತಾರವಾಗುತ್ತಿದೆ. ಅದರ ಹತ್ತಿರ ಅವಳ ಸ್ಕೇಲು ಸುಳಿದಿಲ್ಲ.) ಬೆಳಗ್ಗೆ ಹೋದವಳು ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಬರುತ್ತಾಳೆ. ಅವಳ ದಿನ ಹೇಗಿತ್ತೆಂದು ಅವಳು ಹೇಳುವುದಿಲ್ಲ, ಸೀರೆ ಮೂಸಿ ನಾನೇ ತಿಳಿದುಕೊಳ್ಳಬೇಕು.

ಅವಳಿಗೆ ಲ್ಯಾಬಿನಲ್ಲಿ ಒಬ್ಬ ಎದುರಾಳಿ ಇದ್ದಾನೆ. ರಸಾಯನಶಾಸ್ತ್ರದವನು. ಗಿಡಮರಗಳ ಗೊಡವೆಯೇ ಬೇಡವೆಂದು ಗಾಜಿನ ಕೊಳವೆಗಳಲ್ಲಿ ತಾನೇ ಹೊಸ ಹೊಸ ಸಂಯುಕ್ತಗಳನ್ನು ತಯಾರಿಸಿ ಅವಕ್ಕೆ ನಂಬರು ಕೊಡುತ್ತಾನೆ. ಅವನ ಹದಿನೇಳನೆಯ ಸಂಯುಕ್ತ ರೋಗಾಣುಗಳನ್ನು ಸದೆಬಡಿಯುತ್ತದಂತೆ. ಹಾಗಾಗಿ ನಮ್ಮ ಮನೆಯಲ್ಲಿ ಅವನ ಹೆಸರೇ ಹದಿನೇಳು. "ನಿಮ್ಮ ಎಣ್ಣೆ ಅಡುಗೆಮನೇಲಿ ಇರ್ಲಿ ಬಿಡಿ" ಎಂದು ಅವನು ಅಂದ ದಿನ ನನ್ನ ಹೆಂಡತಿ ರಾತ್ರಿ ಊಟ ಮಾಡಲಿಲ್ಲ.

ಹೀಗಿರುವಾಗ ನನ್ನ ಗಂಟಲು ಕೆಟ್ಟಿತು. ಅನೌನ್ಸರನ ಗಂಟಲು ಕೆಟ್ಟರೆ ರಜೆ ಕೊಡದೆ ವಿಧಿಯಿಲ್ಲ. ಮಂಚದ ಮೇಲೆ ಮಲಗಿದ್ದೆ. ಹೆಂಡತಿ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಟಾರ್ಚು ತಂದಳು.

"ಬಾಯಿ ತೆಗೀರಿ. ಇನ್ನೂ ಅಗಲ."

"ಆ..."

"ಅಯ್ಯೋ, ಎಷ್ಟು ಚೆನ್ನಾಗಿ ಬೆಳೆದಿದೆ ರೀ."

ಮದುವೆಯಾದಾಗಿನಿಂದ ನನ್ನ ಯಾವ ಅಂಗದ ಬಗ್ಗೆಯೂ ಅವಳ ಬಾಯಿಂದ ಇಂಥ ಮೆಚ್ಚುಗೆ ಹೊರಟಿರಲಿಲ್ಲ. ನಾನು ಉಬ್ಬಿಹೋದೆ. ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲು ಒರೆಸಿಕೊಂಡು ಲ್ಯಾಬಿಗೆ ಒಯ್ದಳು. ಮರುದಿನ ಸಂಜೆ, ಸೂರ್ಯ ಇನ್ನೂ ಮುಳುಗುವ ಮೊದಲೇ, ಮನೆಗೆ ಬಂದಳು.

"ನಿಮ್ಮ ಗಂಟಲಿಂದು ತಟ್ಟೇಲಿ ಇಟ್ಟಿದ್ದೆ. ಲವಂಗದೆಣ್ಣೆಗೆ ಪೂರಾ ಸತ್ತಿದೆ. ಹದಿನೇಳರ ಬಿಲ್ಲೆಗಿಂತ ದೊಡ್ಡ ಬೋಳು. ನಿಮ್ಮನ್ನ ಪ್ರಯೋಗಕ್ಕೆ ಸೇರಿಸ್ಕೊಳ್ಳೋ ಹಾಗಿಲ್ಲ, ನಮ್ಮ ಲ್ಯಾಬಿನ ಮೇಡಂ ಬೈತಾರೆ. ಸುಮ್ನೆ ಮನೆಮದ್ದು ಅಂದ್ಕೊಳ್ಳಿ." ಒಂದು ಕಂದು ಬಾಟಲಿ ತೆಗೆದಳು. "ಒಂದು ಲೋಟ ಬಿಸಿನೀರಿಗೆ ಒಂದು ಮುಚ್ಚಳ. ಮೂರು ಹೊತ್ತು ಮುಕ್ಕಳಿಸಿ. ಮೂರೇ ದಿನದಲ್ಲಿ ವಾಸಿ ಆಗುತ್ತೆ."

ಆಮೇಲೆ ನನ್ನ ಪಕ್ಕದಲ್ಲೇ ಕುಳಿತಳು. ಹಣೆ ಮುಟ್ಟಿದಳು. ಗಂಜಿ ಕಾಯಿಸಿ ಕೊಟ್ಟು, ನಾನು ಕುಡಿಯುವುದನ್ನು ನೋಡುತ್ತಾ ಲ್ಯಾಬಿನ ಮಾತೆಲ್ಲ ಹೇಳಿದಳು. ನಾನು ಕೇಳುತ್ತಿದ್ದೆ. ಮೂರೇ ದಿನದಲ್ಲಿ ಇದೆಲ್ಲ ಮುಗಿದುಹೋಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದೆ.

ಬುದ್ಧಿ ಎಲ್ಲಿಗೆ ಓಡಿತೆಂದು ನಿಮಗೆ ಗೊತ್ತಾಗಿರಬೇಕು. ಅವಳು ಲ್ಯಾಬಿಗೆ ಹೋದ ಕೂಡಲೇ ಮುಚ್ಚಳ ತುಂಬಾ ಔಷಧಿ ಅಳೆದು, ಶಾಸ್ತ್ರೋಕ್ತವಾಗಿ ಬಚ್ಚಲಿಗೆ ಸುರಿಯತೊಡಗಿದೆ. ನಮ್ಮ ಬಚ್ಚಲು ಅಷ್ಟು ಶುದ್ಧವಾಗಿದ್ದು ಅದೇ ಮೊದಲು. ಗಂಟಲು ಹಾಗೇ ಉಳಿಯಿತು, ಅವಳು ದಿನಾ ಬೆಳಕಿರುವಾಗಲೇ ಬಂದಳು. ನೋವು ನುಂಗುತ್ತಾ ನಾನು ಸುಖವಾಗಿದ್ದೆ.

ಒಂದು ಸಂಜೆ ಮಾತ್ರ ಬಂದವಳು ನನ್ನ ಹತ್ತಿರ ಬರಲಿಲ್ಲ. ಎದ್ದು ನೋಡಿದರೆ ಅಡುಗೆಮನೆಯಲ್ಲಿ ಒಲೆ ಹಚ್ಚದೆ ಸ್ಟೂಲಿನ ಮೇಲೆ ಕುಳಿತಿದ್ದಳು.

"ಯಾಕೆ, ಏನಾಯ್ತು?"

"ತಟ್ಟೇಲಿ ಸಾಯುತ್ತೆ ಕಣ್ರೀ. ನಿಮ್ಮ ಗಂಟಲಲ್ಲಿ ಮಾತ್ರ ಸಾಯಲ್ಲ. ನಿನ್ನೆ ತೆಗೆದಿದ್ದನ್ನೂ ನೋಡಿದೆ, ಹಾಗೇ ಬೆಳೆದಿದೆ. ಹದಿನೇಳು ಹೇಳೋದೇ ಸರಿ ಅನ್ಸುತ್ತೆ."

"ಅವನ ಮಾತು ಬಿಡು ಕಣೇ. ನಂದೊಂದು ಗಂಟಲು ನೋಡಿ ಯಾರಾದ್ರೂ..."

"ಮನೇಲಿರೋ ಒಬ್ಬ ಮನುಷ್ಯನ್ನೇ ವಾಸಿ ಮಾಡಕ್ಕಾಗ್ಲಿಲ್ಲ ನನ್ನ ಕೈಲಿ. ಬಿಟ್ಬಿಡ್ತೀನಿ. ಸೋಮವಾರ ಮೇಡಂಗೆ ಹೇಳ್ತೀನಿ. ಇನ್ಮೇಲೆ ಮನೇಲೇ ಇರ್ತೀನಿ. ನಿಮಗೂ ಅದೇ ತಾನೆ ಬೇಕಾಗಿದ್ದು?"

ಅದೇ ಬೇಕಾಗಿತ್ತು. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದ ಮಾತು ಕೊನೆಗೂ ಕೇಳಿಸಿತ್ತು. ಕುಣಿಯೋಣವೆಂದರೆ ಕಾಲೇ ಏಳಲಿಲ್ಲ. ಪಕ್ಕದಲ್ಲಿ ಕುಳಿತು ಏನೇನೋ ಮಾತಾಡಿಸಿದೆ. ಎಲ್ಲದಕ್ಕೂ "ಹೂಂ" ಅಂದಳು. ಅವಳ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಗಾಜಿನ ಗೂಡಿನಲ್ಲಿ ಕುಳಿತು ಮೈಕಿನಲ್ಲಿ ಕೂಗುವಾಗಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ. ಇಂಥ ಹೆಂಡತಿಯನ್ನು ಮನೆಯಲ್ಲಿ ಇಟ್ಟುಕೊಂಡು ನಾನು ಏನು ಮಾಡಲಿ?

ಮರುದಿನ ಅವಳು ಹೊರಟ ಮೇಲೆ ಬಾಟಲಿ ಹಿಡಿದು ಬಚ್ಚಲಿಗೆ ಹೋದೆ. ಮುಚ್ಚಳ ಅಳೆದೆ. ಆಗ ಒಂದು ಧರ್ಮಸೂಕ್ಷ್ಮ ಹೊಳೆಯಿತು. ಇಷ್ಟು ದಿನ ತಪ್ಪಿಸಿದ ಮುಚ್ಚಳಗಳ ಗತಿ ಏನು? ಆ ಬಾಕಿ ತೀರಿಸದೆ ಇವತ್ತಿನದು ಮಾತ್ರ ಮುಕ್ಕಳಿಸಿದರೆ ನ್ಯಾಯವೇ? ಪ್ರಾಮಾಣಿಕ ಗಂಡನಾದ ನಾನು ಬಾಟಲಿಯಲ್ಲಿ ಉಳಿದದ್ದಷ್ಟನ್ನೂ, ನೀರಿನ ಹಂಗಿಲ್ಲದೆ, ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡೆ.

ಮುಂದಿನದನ್ನು ವರ್ಣಿಸುವುದು ಕಷ್ಟ. ಮೊದಲು ಬೆಂಕಿ. ಕಣ್ಣು, ಮೂಗು, ಕಿವಿ ಹೀಗೆ ದೇಹದ ಎಲ್ಲ ದ್ವಾರಗಳಿಂದಲೂ ಲವಂಗ ಹೊರಟಿತು. ಆಮೇಲೆ ಏನೂ ಇಲ್ಲ. ನಾಲಗೆ ಎಲ್ಲಿದೆ ಎಂದು ಕನ್ನಡಿಯಲ್ಲಿ ಹುಡುಕಬೇಕಾಯಿತು. "ಹಲೋ" ಎಂದು ನೋಡಿದೆ, ಬರೀ ಗಾಳಿ ಬಂತು. ಸಂಜೆ ಹೆಂಡತಿ ಕೊನೆಯ ಸಲವೆಂದು ಮುಖ ಊದಿಸಿಕೊಂಡೇ ಗಂಟಲು ಒರೆಸಿದಳು. ನನ್ನ ಸ್ವರ ಹೋಗಿರುವುದನ್ನು ಅವಳು ಗಮನಿಸಲಿಲ್ಲ.

ಅದರ ಮರುದಿನ ಮಧ್ಯಾಹ್ನ ಬಾಗಿಲು ದಡಾರನೆ ತೆರೆಯಿತು.

"ರೀ, ತಟ್ಟೇಲಿ ಏನೂ ಬೆಳೆದಿಲ್ಲ. ಒಂದು ಚುಕ್ಕೆ ಕೂಡ ಇಲ್ಲ. ಹದಿನೇಳೇ ಬಂದು ಬಗ್ಗಿ ನೋಡಿ ಹೋದ. ಲವಂಗ ಗೆದ್ದಿದೆ ರೀ, ನಿಧಾನಕ್ಕೆ ಕೆಲಸ ಮಾಡುತ್ತೆ ಅಷ್ಟೇ."

ಕುರ್ಚಿ ಎಳೆದುಕೊಂಡು ನನ್ನ ಎರಡೂ ಕೈ ಹಿಡಿದು ಕುಳಿತಳು. ಮಾತಾಡಿದಳು ನೋಡಿ! ಎಣ್ಣೆಯ ವಿಷಯ ಮುಗಿಸಿ, ಮದುವೆಯಾದ ಹೊಸದರಲ್ಲಿ ನಾನು ಅವಳನ್ನು ನಗಿಸಲು ಬಸ್ಸಿನ ಹೆಸರುಗಳನ್ನು ರಾಗವಾಗಿ ಕೂಗುತ್ತಿದ್ದುದನ್ನು ನೆನೆಸಿಕೊಂಡು ನಕ್ಕಳು. "ನಿಮ್ಮ ಜೊತೆ ಮಾತಾಡಿ ಎಷ್ಟು ದಿನ ಆಗಿತ್ತು ಅಲ್ವಾ? ನೀವೂ ಏನಾದ್ರೂ ಹೇಳಿ" ಎಂದಳು. ವರ್ಷಗಳಿಂದ ಕೂಡಿಟ್ಟ ಮಾತೆಲ್ಲ ನನ್ನ ಎದೆಯಿಂದ ಗಂಟಲಿನವರೆಗೆ ಬಂದು, ಮುಂದೆ ದಾರಿ ಕಾಣದೆ ಅಲ್ಲೇ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಆನಂದಬಾಷ್ಪ ಎಂದುಕೊಂಡಳು.

"ಮೇಡಂ ಈಗ್ಲೇ ಹೊಸ ತಟ್ಟೆ ಹಾಕು ಅಂತಿದಾರೆ" ಎಂದು ಎದ್ದಳು. ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಾ ಕೇಳಿದಳು. "ಹೋಗ್ಲಾ? ನೀವು ಬೇಡ ಅಂತ ಒಂದ್ಮಾತು ಹೇಳಿದ್ರೆ ಸಾಕು, ಇವತ್ತು ಪೂರ್ತಿ ನಿಮ್ಮ ಜೊತೇಲೇ ಇರ್ತೀನಿ."

ನಾನು ಬೇಡ ಅಂದೆ. ಗಾಳಿ ಹೊರಟಿತು. ತಲೆ ಅಲ್ಲಾಡಿಸಿದೆ, ಕೈ ಬೀಸಿದೆ, ಮಂಚದಿಂದ ಒಂದು ಕಾಲು ಕೆಳಗಿಟ್ಟೆ. ಅವಳ ಕಣ್ಣು ಚಪ್ಪಲಿಯ ಮೇಲೇ ಇತ್ತು.

"ಗೊತ್ತಿತ್ತು, ನೀವು ಯಾವತ್ತೂ ಬೇಡ ಅನ್ನಲ್ಲ" ಎಂದು ನಗುತ್ತಾ ಬಾಗಿಲು ಎಳೆದುಕೊಂಡು ಹೋದಳು. ಗಂಟಲಿನಲ್ಲಿದ್ದ ಜೀವಿಗಳೂ ಹೊರಟುಹೋಗಿದ್ದವು. ಮನೆಯಲ್ಲಿ ಉಳಿದವನು ನಾನೊಬ್ಬನೇ.