ಎರಡು ಸಿಂಗಾಪುರಗಳ ಪಾರ್ವತಮ್ಮ

ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವವರಿಗೆ ಒಂದು ಅನುಕೂಲವಿದೆ, ಮಕ್ಕಳೇ. ಅವರಿಗೆ ಎಲ್ಲವೂ ಗೊತ್ತಿದೆ ಎಂದು ಜನ ತಿಳಿದುಕೊಳ್ಳುತ್ತಾರೆ. ನಾನು ಅರವತ್ತೆಂಟು ವರ್ಷ ಹೀಗೆಯೇ ಕಳೆದೆ. ಮದುವೆಮನೆಯಲ್ಲಿ ಯಾರಾದರೂ ಏನಾದರೂ ಕೇಳಿದರೆ ತಲೆಯನ್ನು ಸ್ವಲ್ಪ ವಾಲಿಸಿ ನಗುತ್ತಿದ್ದೆ. ಅವರು ಅದನ್ನು ಹೌದೆಂದೋ ಅಲ್ಲವೆಂದೋ ತಮಗೆ ಬೇಕಾದಂತೆ ತೆಗೆದುಕೊಂಡು ಹೋಗುತ್ತಿದ್ದರು. ನಿಮ್ಮ ತಾತ ಇರುವವರೆಗೆ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ನೋವು ಎಲ್ಲಿದೆ ಎಂದು ಡಾಕ್ಟರು ನನ್ನನ್ನು ಕೇಳಿದರೆ ಅವರು ತಮ್ಮ ಹೊಟ್ಟೆಯನ್ನು ಮುಟ್ಟಿ ತೋರಿಸುತ್ತಿದ್ದರು. ಒಮ್ಮೆ ಡಾಕ್ಟರು ಅವರಿಗೇ ಮಾತ್ರೆ ಬರೆದುಕೊಟ್ಟರು. ಅವರು ಹೋದ ಮೇಲೆ ನನ್ನ ಮಾತನ್ನು ನಾನೇ ಆಡಬೇಕಾಗಿ ಬಂತು. ಅದನ್ನು ಆಡಲು ಹೋಗಿ ಮೊದಲ ಸಲಕ್ಕೇ ಒಂದು ಇಡೀ ದೇಶದ ಮೇಲೆ ಹೋಗಿ ಬಿದ್ದೆ. ಆ ಕಥೆಯನ್ನು ನೀವು ನೋಡಿದ್ದೀರಿ, ಆದರೆ ಅರ್ಧ ಮಾತ್ರ. ಉಳಿದರ್ಧಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರಿನ ಹೆಸರು ಸಿಂಗಾಪುರ. ವಿದ್ಯಾರಣ್ಯಪುರದ ಪಕ್ಕದಲ್ಲಿದೆ. ನಾನು ಮದುವೆಯಾಗಿ ಬಂದಾಗ ಇಲ್ಲಿ ರಾಗಿ ಹೊಲಗಳಿದ್ದವು, ಸಂಜೆ ಎಮ್ಮೆಗಳು ಬರುವಾಗ ಇಡೀ ಬೀದಿಗೆ ಒಂದೇ ಸದ್ದಿತ್ತು. ಈಗ ಎಲ್ಲ ಕಡೆ ಲೇಔಟುಗಳು. ಯಲಹಂಕದಲ್ಲಿ ಆಟೋದವರನ್ನು ಕರೆದರೆ ಹತ್ತರಲ್ಲಿ ಒಬ್ಬರಾದರೂ "ಸಿಂಗಾಪುರಕ್ಕಾ? ಪಾಸ್‌ಪೋರ್ಟ್ ತಂದಿದ್ದೀರಾ ಅಜ್ಜಿ?" ಎನ್ನುತ್ತಾರೆ. ಸಮುದ್ರದಾಚೆ ಅದೇ ಹೆಸರಿನ ಒಂದು ದೇಶವಿದೆ ಎಂಬುದು ನನಗೆ ಗೊತ್ತಿತ್ತು. ಆದರೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಪಾರ್ವತಮ್ಮ ಇದ್ದರೆ ನಾನೇನು ಹೆಸರು ಬದಲಾಯಿಸಿಕೊಳ್ಳುತ್ತೇನೆಯೇ? ಹಾಗೆ ಅದನ್ನು ಅದರ ಪಾಡಿಗೆ ಬಿಟ್ಟಿದ್ದೆ.

ಕಳೆದ ಜೂನಿನಲ್ಲಿ ನಿಮ್ಮಮ್ಮ ನಾಗು ನಿಮ್ಮಿಬ್ಬರನ್ನೂ ಕರೆದುಕೊಂಡು ವಿಯೆಟ್ನಾಮಿನಿಂದ ಎರಡು ತಿಂಗಳಿಗೆಂದು ಬಂದಳು. ಅಲ್ಲಿ ಅವಳು ಇಂಗ್ಲಿಷ್ ಮೇಡಂ ಎಂಬುದು ನಿಮಗೆ ಗೊತ್ತೇ ಇದೆ. ಅವಳಂತೆಯೇ ತಮ್ಮದಲ್ಲದ ದೇಶಗಳಲ್ಲಿ ಇಂಗ್ಲಿಷ್ ಕಲಿಸುವ ಒಂಬತ್ತು ಜನರ ಒಂದು ಗುಂಪಿದೆ. ಪ್ರತಿ ಶನಿವಾರ ಮಧ್ಯಾಹ್ನ ಮೂರೂವರೆಗೆ ಅವರೆಲ್ಲ ಕಂಪ್ಯೂಟರಿನಲ್ಲಿ ಸೇರುತ್ತಾರೆ. ಪಾಠ ಹೇಳುವವರೂ ಕಲಿಯುತ್ತಿರಬೇಕಂತೆ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತಾರಂತೆ. ರಜೆಯಲ್ಲಿದ್ದರೂ ನಾಗು ಒಂದು ಶನಿವಾರವನ್ನೂ ಬಿಡಲಿಲ್ಲ. ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಿದ್ದಳು. "ಅಮ್ಮಾ, ಹಿಂದ್ಗಡೆ ಓಡಾಡ್ಬೇಡ, ಕ್ಯಾಮೆರಾದಲ್ಲಿ ಕಾಣ್ತೀಯ" ಎಂದು ನನಗೆ ಆಜ್ಞೆಯಾಗಿತ್ತು. ನಾನು ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಹಲಸಿನ ಹಣ್ಣು ಇಟ್ಟುಕೊಂಡು ತೊಳೆ ಬಿಡಿಸುತ್ತಾ ಕೂರುತ್ತಿದ್ದೆ. ಅಲ್ಲಿಂದ ನನಗೆ ಅವರೆಲ್ಲ ಕಾಣುತ್ತಿದ್ದರು, ಅವರಿಗೆ ನಾನು ಕಾಣುತ್ತಿರಲಿಲ್ಲ.

ಆ ಒಂಬತ್ತು ಚೌಕಗಳನ್ನು ನೋಡುವುದೇ ನನಗೊಂದು ಕನಸಿನಂತಾಗಿತ್ತು. ಟರ್ಕಿಯಲ್ಲಿರುವ ಹೆಲೆನ್ ಎಂಬ ಬಿಳಿಗೂದಲಿನ ಹೆಂಗಸು ಆ ಗುಂಪಿನ ಹಿರಿಯಳು. ಅವಳ ಕಿಟಕಿಯಲ್ಲಿ ಇನ್ನೂ ಸುಡುವ ಬಿಸಿಲು. ಜಪಾನಿನಲ್ಲಿರುವ ಲೀಜಾ ಎಂಬ ಹುಡುಗಿಯ ಕಿಟಕಿಯಲ್ಲಿ ಆಗಲೇ ದೀಪ ಹಚ್ಚುವ ಹೊತ್ತು. ಒಮಾನಿನಲ್ಲಿ ಜೋಸೆಫ್ ಎಂಬ ಕೇರಳದವರು ಊಟ ಮುಗಿಸಿ ಆಕಳಿಸುತ್ತಿದ್ದರು. ನಮ್ಮ ಕಿಟಕಿಯಲ್ಲಿ ಜಡಿಮಳೆ. ಒಂದೇ ಮೇಜಿನ ಮೇಲೆ ಇಷ್ಟೊಂದು ಹೊತ್ತುಗಳು ಒಟ್ಟಿಗೆ ಇರುವುದನ್ನು ನೋಡುತ್ತಾ ಎಷ್ಟೋ ಸಲ ನಾನು ಹಲಸಿನ ಬೀಜವನ್ನು ತೊಳೆಯ ಬಟ್ಟಲಿಗೂ ತೊಳೆಯನ್ನು ಕಸಕ್ಕೂ ಹಾಕಿದ್ದೇನೆ.

ಆ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ನಾಗು ವಿವರಿಸಿದಾಗ ನಾನು ನಂಬಲಿಲ್ಲ. ಮೊದಲು ಎಲ್ಲರೂ ತಮ್ಮ ಹೆಸರು, ಊರು ಹೇಳಿ, ಆ ವಾರ ತಾವು ತರಗತಿಯಲ್ಲಿ ಮಾಡಿದ ಒಂದು ತಪ್ಪನ್ನು ಹೇಳಬೇಕು. ಯಾರೂ ಬುದ್ಧಿ ಹೇಳುವಂತಿಲ್ಲ. ಎಲ್ಲರೂ "ಥ್ಯಾಂಕ್ಯೂ" ಎನ್ನಬೇಕು. ಅದೇ ತಪ್ಪನ್ನು ಮಾಡಿದ ಬೇರೆಯವರಿದ್ದರೆ ಕೈ ಎತ್ತಬೇಕು. ಅಷ್ಟೇ. ಯಾರು ಏನು ಹೇಳಿದರೆಂದು ನಾಗು ನಡುನಡುವೆ ನನ್ನ ಕಡೆ ಬಗ್ಗಿ ಕನ್ನಡದಲ್ಲಿ ಪಿಸುಗುಡುತ್ತಿದ್ದಳು. ಒಂದು ವಾರ ಜೋಸೆಫ್ ತಮ್ಮ ಪಾಠವನ್ನು ತಾವೇ ರೆಕಾರ್ಡ್ ಮಾಡಿ ಕೇಳಿದರಂತೆ. ಮಕ್ಕಳನ್ನು ಮಾತಾಡಿಸುವ ಪಾಠದಲ್ಲಿ ಮಕ್ಕಳ ಧ್ವನಿಯೇ ಇರಲಿಲ್ಲವಂತೆ, ಬರೀ ಅವರದೇ. ಲೀಜಾ ತನ್ನ ಮಕ್ಕಳೆಲ್ಲ ತಲೆಯಾಡಿಸಿದ್ದನ್ನು ನೋಡಿ ಪಾಠ ಅರ್ಥವಾಯಿತೆಂದು ಒಂದು ತಿಂಗಳು ಮುಂದೆ ಮುಂದೆ ಹೋದಳಂತೆ. ಆಮೇಲೆ ಗೊತ್ತಾಯಿತು, ಅವರು ತಲೆಯಾಡಿಸಿದ್ದು ಬರೀ ಮರ್ಯಾದೆಗೆ. ಅವಳು ಅದನ್ನು ಹೇಳಿದಾಗ ಉಳಿದ ಎಂಟೂ ಚೌಕಗಳಲ್ಲಿ ಎಂಟೂ ಕೈಗಳು ಮೇಲೆದ್ದವು. ನನ್ನ ಕೈಯೂ ಎದ್ದಿತು, ಹಲಸಿನ ಅಂಟಿನ ಸಮೇತ. ತಲೆಯಾಡಿಸುವ ಕಸುಬಿನಲ್ಲಿ ನನ್ನಷ್ಟು ಅನುಭವ ಅವರಲ್ಲಿ ಯಾರಿಗಿತ್ತು?

ನಾನು ಓದಿದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಅಲ್ಲಿ ಸರಿ ಉತ್ತರ ಹೇಳಿದವರು ತಪ್ಪು ಹೇಳಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕಿತ್ತು. ಮೇಷ್ಟ್ರಿಗೆ ಕೈನೋವು ತಪ್ಪಲೆಂದು ಮಾಡಿದ ಏರ್ಪಾಡು. ಐದನೇ ತರಗತಿಯಲ್ಲಿ ಇಂಗ್ಲಿಷ್ ಶುರುವಾದ ದಿನದಿಂದ ನನ್ನ ಮೂಗು ನನ್ನದಾಗಿ ಉಳಿಯಲಿಲ್ಲ. ಅಂಥವಳು, ತಪ್ಪು ಒಪ್ಪಿಕೊಂಡವರಿಗೆ ದೊಡ್ಡ ದೊಡ್ಡ ಮೇಷ್ಟ್ರುಗಳು ಥ್ಯಾಂಕ್ಯೂ ಹೇಳುವುದನ್ನು ನೋಡಿ ಹೇಗೆ ಸುಮ್ಮನಿರಲಿ? ಶನಿವಾರ ಬರುವುದನ್ನೇ ಕಾಯತೊಡಗಿದೆ. ಅವರ ಮಾತುಗಳು ಒಂದೊಂದಾಗಿ ಕಿವಿಗೆ ಹತ್ತಿದವು. ನಡುವೆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ "ಈ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದೆ" ಎಂದು ಮೆಲ್ಲಗೆ ಹೇಳಿ, ನಾನೇ ಥ್ಯಾಂಕ್ಯೂ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ, ಸಭೆ ಶುರುವಾಗಿ ಎಲ್ಲರೂ ಹೆಸರು ಹೇಳುತ್ತಿರುವಾಗ, ಗ್ಯಾಸ್ ಸಿಲಿಂಡರಿನವರು ಬಾಗಿಲು ಬಡಿದರು. ನಾಗು ಎದ್ದು ಹೋಗುತ್ತಾ "ಅಮ್ಮಾ, ಒಂದ್ನಿಮಿಷ ನೋಡ್ಕೋ" ಎಂದಳು. ಅವಳು ಹೇಳಿದ್ದು ಒಲೆಯ ಮೇಲಿದ್ದ ಹಾಲನ್ನು. ನಾನು ಕಂಪ್ಯೂಟರನ್ನು ಎಂದುಕೊಂಡು ಕುರ್ಚಿಯಲ್ಲಿ ಹೋಗಿ ಕುಳಿತೆ. ಹೆಲೆನ್ ನನ್ನನ್ನು ನೋಡಿ ನಕ್ಕು, "ವೇರ್ ಆರ್ ಯೂ ಫ್ರಮ್?" ಎಂದಳು. ಇದು ನನಗೆ ಗೊತ್ತಿದ್ದ ಪ್ರಶ್ನೆ. ಹೆದರಿಕೆಗಿಂತ ಉತ್ತರ ಗೊತ್ತಿರುವ ಸಂತೋಷವೇ ಮುಂದೆ ಬಂತು. "ಐ ಪಾರ್ವತಿ. ಸಿಂಗಾಪುರ" ಎಂದೆ. ಎಲ್ಲರ ಹುಬ್ಬುಗಳೂ ಮೇಲೇರಿದವು. ಆಮೇಲೆ ಅವಳು ಇನ್ನೇನೋ ಉದ್ದವಾಗಿ ಕೇಳಿದಳು. ಅದರಲ್ಲಿ "ಹೌ ಲಾಂಗ್" ಎಂಬುದು ಮಾತ್ರ ನನಗೆ ಸಿಕ್ಕಿತು. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ತಾನೇ? "ಫಾರ್ಟಿ ಏಯ್ಟ್ ಇಯರ್ಸ್" ಎಂದೆ. ಜೋಸೆಫ್ ಕೈ ಮುಗಿದರು. ಲೀಜಾ ಬಾಯಿ ತೆರೆದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ನಾನು ಎದ್ದು ಓಡಿದೆ. ನಾಗು ಬಂದು ಕುಳಿತಳು, ಸಭೆ ಮುಂದೆ ಹೋಯಿತು.

ಗುಟ್ಟು ಬಯಲಾದದ್ದು ಬುಧವಾರ. ನಾಗು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಾ, ಏನ್ ಮಾಡಿದ್ದೀಯ ನೀನು?"

"ಆಲು ಉಕ್ಕಿಸಿದ್ದು ನಾನೇ ಅಂತ ಅವತ್ತೇ ಒಪ್ಕೊಂಡ್ನಲ್ಲೇ."

"ಹಾಲಲ್ಲ ಕಣಮ್ಮ. ಸಿಂಗಾಪುರದಲ್ಲಿ ನಲವತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದ್ದಾರಲ್ಲ, ಆ ಪಾರ್ವತಿ ಮೇಡಂ, ಶನಿವಾರ ಅವರ ಅನುಭವ ಹೇಳ್ಬೇಕಂತೆ. ಹತ್ತು ನಿಮಿಷ. ಹೆಲೆನ್ ಬರ್ದಿದ್ದಾರೆ."

ಇಬ್ಬರೂ ಸೇರಿ ತಾಳೆ ಹಾಕಿದಾಗ ನಡೆದದ್ದು ತಿಳಿಯಿತು. ನಾಗು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ, "ಬಿಡು, ಅಮ್ಮಂಗೆ ಇಂಗ್ಲಿಷ್ ಬರಲ್ಲ, ತಪ್ಪಾಗಿದೆ ಅಂತ ನಾನೇ ಒಂದು ಲೈನ್ ಬರ್ದಾಕ್ತೀನಿ. ಇನ್ಮೇಲೆ ನಾನು ರೂಮಲ್ಲಿ ಬಾಗ್ಲು ಹಾಕ್ಕೊಂಡು ಕೂರ್ತೀನಿ" ಎಂದಳು.

ಅವಳು ಅದನ್ನು ಸುಲಭವಾಗಿ ಹೇಳಿಬಿಟ್ಟಳು. ಬಾಗಿಲು ಮುಚ್ಚಿದರೆ ನನ್ನ ಶನಿವಾರ ಹೋಯಿತು. ಅದೊಂದೇ ಅಲ್ಲ. ಆ ಮಧ್ಯಾಹ್ನ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಾ, ಆಚೆಯ ಸಿಂಗಾಪುರದ ಪಾರ್ವತಿ ಮೇಡಂ ಹೇಗಿರಬಹುದು ಎಂದು ಯೋಚಿಸಿದೆ. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಶಾಲೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಯಾರು ಏನು ಕೇಳಿದರೂ ನೆಟ್ಟಗೆ ನೋಡಿ ಉತ್ತರ ಕೊಡುತ್ತಾಳೆ. ಅವಳ ತರಗತಿಯಲ್ಲಿ ಯಾರೂ ಯಾರ ಮೂಗನ್ನೂ ಹಿಡಿಯುವುದಿಲ್ಲ. ಸಂಜೆ ಹಡಗುಗಳನ್ನು ನೋಡುತ್ತಾ ಒಬ್ಬಳೇ ಮನೆಗೆ ನಡೆದು ಹೋಗುತ್ತಾಳೆ, ಅವಳಿಗೆ ದಾರಿ ಗೊತ್ತು. ಹುಟ್ಟಿ ಇನ್ನೂ ವಾರವಾಗಿರಲಿಲ್ಲ, ಆಗಲೇ ಅವಳ ಮೇಲೆ ನನಗೆ ಮಮತೆ ಬಂದಿತ್ತು. ಒಂದು ಲೈನ್ ಬರೆದು ಅವಳನ್ನು ಅಳಿಸುವುದೆಂದರೆ ಹೇಗೆ? ಅಳಿಸಲೇಬೇಕೆಂದರೆ ನಾನೇ ಎದುರು ನಿಂತು ಅಳಿಸಬೇಕು ಎನ್ನಿಸಿತು. ಕೆಳಗೆ ಬಂದು, "ನೀನು ಬರೀಬ್ಯಾಡ ನಾಗು, ನಾನೇ ಯೋಳ್ತೀನಿ" ಎಂದೆ. ನಾಗು ನನ್ನ ಹಣೆ ಮುಟ್ಟಿ ನೋಡಿದಳು.

ಮುಂದಿನ ಮೂರು ದಿನದ ವಿಷಯ ನಿಮಗೆ ಗೊತ್ತು. ಚಿನ್ನೀ, ನೀನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ನಾಲ್ಕು ಇಂಗ್ಲಿಷ್ ವಾಕ್ಯ ಬರೆದುಕೊಟ್ಟೆ. ನಿನ್ನ ತಮ್ಮ ಹೆಲೆನ್ ಆಗಿ ಕುಳಿತು ನನ್ನನ್ನು ಪ್ರಶ್ನೆ ಕೇಳಿದ. ಶುಕ್ರವಾರದ ಹೊತ್ತಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಶನಿವಾರ ಕುರ್ಚಿಯಲ್ಲಿ ಕುಳಿತು ಆ ಮುಖಗಳನ್ನು ನೋಡಿದ ಕೂಡಲೇ ನಾಲ್ಕೂ ವಾಕ್ಯಗಳು ಮೈಮೇಲೆ ನೀರು ಬಿದ್ದ ಕೋಳಿಗಳಂತೆ ನಾಲ್ಕು ದಿಕ್ಕಿಗೆ ಓಡಿಹೋದವು. ಕೈಗೆ ಸಿಕ್ಕಿದ ಪದಗಳನ್ನು ಹಿಡಿದು ಹೇಳಿದೆ: "ಮೈ ಮಿಸ್ಟೇಕ್. ಸಿಂಗಾಪುರ, ನೋ ಏರೋಪ್ಲೇನ್. ಸಿಂಗಾಪುರ, ಬಸ್. ಐ ನೋ ಟೀಚರ್." ನೆಲವನ್ನು ತೋರಿಸಿ, "ಎವ್ರಿ ಸ್ಯಾಟರ್ಡೇ ಹಿಯರ್. ಐ ಜ್ಯಾಕ್‌ಫ್ರೂಟ್" ಎಂದೆ.

ಬಾಗಿಲ ಹಿಂದೆ ನೀವಿಬ್ಬರೂ ಬಾಯಿಗೆ ಕೈ ಒತ್ತಿಕೊಂಡದ್ದನ್ನು ನಾನು ನೋಡಿದೆ. ಕಂಪ್ಯೂಟರಿನಲ್ಲಿ ಯಾರೂ ನಗಲಿಲ್ಲ. ನನ್ನ ಕೈ ತಾನಾಗಿಯೇ ಮೂಗಿನ ಹತ್ತಿರ ಹೋಯಿತು. ಆಗ ಹೆಲೆನ್ "ಥ್ಯಾಂಕ್ಯೂ, ಪಾರ್ವತಿ" ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಆಮೇಲೆ ಜೋಸೆಫ್ ಕೈ ಎತ್ತಿದರು. ನಾಗು ನನ್ನ ಕಿವಿಯಲ್ಲಿ ಹೇಳಿದಳು, ಹೊಸ ದೇಶಕ್ಕೆ ಹೋದ ಮೊದಲ ವರ್ಷ ಅವರು ಸ್ಟಾಫ್ ರೂಮಿನಲ್ಲಿ ಅರ್ಥವಾಗದ ಮಾತಿಗೆಲ್ಲ ಹೂಂ ಎನ್ನುತ್ತಿದ್ದರಂತೆ. ಹಾಗೆ ಹೂಂ ಎನ್ನುತ್ತಾ ಹೋಗಿ, ಕೊನೆಗೆ ಫುಟ್‌ಬಾಲ್ ಕೋಚ್ ಆಗಿಬಿಟ್ಟಿದ್ದರಂತೆ. ಈಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಲೀಜಾಳ ಕೈ ಎದ್ದಿತು. ನನ್ನ ಪಕ್ಕದಲ್ಲಿ ನಾಗುವಿನ ಕೈಯೂ ಎದ್ದಿತು. ಅವಳು ಅಲ್ಲಿ ಮೊದಲ ವರ್ಷ ಏನೇನು ಪಟ್ಟಿದ್ದಳೋ, ನನಗೆ ಫೋನಿನಲ್ಲಿ "ಚೆನ್ನಾಗಿದ್ದೀನಿ ಕಣಮ್ಮ" ಎಂದು ಮಾತ್ರ ಹೇಳಿದ್ದಳು.

ಹೆಲೆನ್ ಆಮೇಲೆ ಹೇಳಿದ್ದನ್ನು ನಾಗು ಕನ್ನಡದಲ್ಲಿ ಹೇಳಿದಳು. "ವಾರ ವಾರ ಕಲಿಯೋರ ಬಗ್ಗೆ ಮಾತಾಡ್ತೀವಿ, ಕಲಿಯೋರು ಒಬ್ರು ಪಕ್ಕದಲ್ಲೇ ಕೂತಿದ್ದು ನಮಗೆ ಗೊತ್ತಾಗ್ಲಿಲ್ಲ ಅಂತಿದ್ದಾರೆ ಅಮ್ಮ. ಇನ್ಮೇಲೆ ಅವರು ಹೊಸ ಪಾಠ ಮಾಡಿದ್ರೆ ಮೊದಲು ನಿಂಗೆ ಹೇಳಿ ನೋಡ್ತಾರಂತೆ. ನಿಂಗೆ ಎಲ್ಲಿ ಅರ್ಥವಾಗಲ್ವೋ ಅಲ್ಲಿ ತಿದ್ಕೋತಾರಂತೆ. ಆಗುತ್ತಾ?" ನಾನು ತಲೆಯನ್ನು ವಾಲಿಸಲಿಲ್ಲ. "ಯೆಸ್" ಎಂದೆ.

ಇಲ್ಲಿಯವರೆಗಿನದು ನಿಮಗೆ ಗೊತ್ತಿರುವ ಅರ್ಧ. ನೀವು ವಿಯೆಟ್ನಾಮಿಗೆ ಹೊರಟಾಗ ನಾಗು ತನ್ನ ಹಳೆಯ ಕಂಪ್ಯೂಟರನ್ನು ನನಗೆ ಬಿಟ್ಟುಹೋದಳು. ಶನಿವಾರ ಮೂರೂವರೆಗೆ ನಾನೇ ಗುಂಡಿ ಒತ್ತಿ ಕೂರುತ್ತೇನೆ. ಒಂಬತ್ತು ಜನ ಮೇಷ್ಟ್ರುಗಳಿಗೆ ಒಬ್ಬಳೇ ಶಿಷ್ಯೆ. ಪಾಠವನ್ನು ಹಿಂದಿನ ವಾರವೇ ಕಳಿಸುತ್ತಾರೆ. ನಾನು ಎಲ್ಲಿ ಎಡವುತ್ತೇನೋ ಅಲ್ಲಿ ಅವರು ಹುರುಪಿನಿಂದ ಬಗ್ಗಿ ಬರೆದುಕೊಳ್ಳುತ್ತಾರೆ. ಯಾವ ಪದ ಕಷ್ಟವಾಯಿತು, ಯಾವ ಚಿತ್ರ ದಾರಿ ತಪ್ಪಿಸಿತು ಎಂದು ತಮ್ಮತಮ್ಮಲ್ಲೇ ಅರ್ಧ ಗಂಟೆ ಚರ್ಚಿಸುತ್ತಾರೆ. ನನ್ನ ದಡ್ಡತನ ಇಷ್ಟು ಜನರಿಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಕಷ್ಟವೇನೆಂದರೆ, ದೀಪಾವಳಿಯ ಹೊತ್ತಿಗೆ ನನಗೆ ಇಂಗ್ಲಿಷ್ ಬರತೊಡಗಿತು. ಒಂದು ಶನಿವಾರ ಲೀಜಾ ಕಷ್ಟಪಟ್ಟು ತಯಾರಿಸಿದ ಪಾಠಕ್ಕೆಲ್ಲ ಪಟಪಟನೆ ಸರಿ ಉತ್ತರ ಹೇಳಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಆದರೆ ಯಾರೂ ಏನೂ ಬರೆದುಕೊಳ್ಳಲಿಲ್ಲ. ಆ ಹುಡುಗಿಯ ಮುಖ ಸಪ್ಪಗಾಯಿತು. "ಬೇಗ ನಮಗೆ ಇನ್ನೊಬ್ಬ ವಿದ್ಯಾರ್ಥಿಯನ್ನು ಹುಡುಕಬೇಕಾಗುತ್ತದೆ" ಎಂದು ಹೆಲೆನ್ ತಮಾಷೆ ಮಾಡಿದಳು. ಆ ತಮಾಷೆ ನನಗೆ ಪೂರ್ತಿ ಅರ್ಥವಾಯಿತು, ಅದೇ ತೊಂದರೆ.

ಮೊನ್ನೆ ಸಭೆ ಮುಗಿದ ಮೇಲೆ ನಾಗು ಫೋನ್ ಮಾಡಿದಳು. "ಅಮ್ಮಾ, ಇನ್ನೂ 'ಹೀ ಗೋ' ಅಂತೀಯಲ್ಲ. 'ಹೀ ಗೋಸ್' ಕಣಮ್ಮ. ಅದೊಂದು ನಿನ್ ತಲೇಗೆ ಹತ್ತಲ್ವಲ್ಲ."

"ವಯಸ್ಸಾಯ್ತಲ್ಲೇ ನಾಗು, ಏನ್ ಮಾಡಾದು?" ಎಂದೆ.

ದೀಪಾವಳಿಯ ಹೊತ್ತಿಗೇ ಅದು ನನಗೆ ಬಂದಿತ್ತು. ಇದನ್ನು ನೀವು ನಿಮ್ಮಮ್ಮನಿಗೆ ಓದಿ ಹೇಳಬೇಡಿ. ಈ ಶನಿವಾರ ಜೋಸೆಫ್ ಅವರ ಪಾಠವಿದೆ. ನಿನ್ನೆ ಬಿಸಿಲಿಗೆ ಕುಳಿತು ಎರಡು ಸಲ ಓದಿ, ಎಲ್ಲೆಲ್ಲಿ ತಪ್ಪಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡಿದ್ದೇನೆ.