ಕರಿ ಬಟ್ಟೆಯೊಳಗಿನ ಮಾವ

ಕ್ಯಾಮೆರಾ ಹೊತ್ತು ಊರೂರು ಅಲೆಯುವವನು ನಗುವ ಪ್ರಸಂಗಗಳನ್ನು ಹುಡುಕಬೇಕಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ಯುದ್ಧದ ಕಾಲ. ಆಳಂದದಲ್ಲಿ ನನ್ನದೊಂದು ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಹೊದ್ದುಕೊಳ್ಳುವ ಕರಿ ಬಟ್ಟೆ. ಫೋಟೊ ಮೂಡುವ ಗಾಜಿನ ಪ್ಲೇಟು ಮಾತ್ರ ಸೊಲ್ಲಾಪುರದಿಂದ ಬರಬೇಕು. ಸೊಲ್ಲಾಪುರ ಇಂಗ್ಲಿಷರದು, ನಾವು ನಿಜಾಮರ ಪ್ರಜೆಗಳು. ಹಾಗಾಗಿ ಪ್ಲೇಟು ತರಲು ಹೋದಾಗಲೆಲ್ಲ ನಾನು ಪರದೇಶ ಪ್ರವಾಸ ಮಾಡಿದ ಹಾಗೆ.

ಆ ಸಲ ಹೊರಡುವ ಮುಂಚೆ ಅಫಜಲಪುರದ ಕಡೆ, ಹವಳಗಾದ ಒಬ್ಬ ಅಜ್ಜಿ ನನ್ನನ್ನು ಕರೆದು ಕೂರಿಸಿಕೊಂಡಳು. ಮಗಳನ್ನು ಸರಸಂಬಾಕ್ಕೆ ಕೊಟ್ಟು ಮೂರು ವರ್ಷ. ಆ ಮನೆಯಲ್ಲಿ ಬೇರೆ ಹೆಂಗಸರಿಲ್ಲ, ಮಗಳು ಬಿಟ್ಟು ಬರುವಂತಿಲ್ಲ. ಅಜ್ಜಿಗೋ ಮೊಣಕಾಲು ಏಳದು, ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು.

"ಕಣ್ಣು ಪೂರಾ ಹೋಗೋದ್ರಾಗ ಮಗಳ ಮಾರಿ ಒಮ್ಮಿ ತೋರಸಪ್ಪಾ," ಅಂದಳು. ಮಗಳ ಫೋಟೊ ತಂದೇ ತರುತ್ತೇನೆ ಎಂದು ಮಾತು ಕೊಟ್ಟೆ.

ನಾಕಾದ ಜಮಾದಾರ

ಸೊಲ್ಲಾಪುರದಲ್ಲಿ ಆರೇ ಪ್ಲೇಟು ಸಿಕ್ಕವು. ಎರಡನ್ನು ಅಂಗಡಿಯ ಕತ್ತಲೆ ಕೋಣೆಯಲ್ಲೇ ಕ್ಯಾಮೆರಾದ ಚೌಕಟ್ಟಿಗೆ ಸೇರಿಸಿದೆ. ನಾಲ್ಕು ಡಬ್ಬಿಯಲ್ಲಿ ಉಳಿದವು. ಹಿರೋಳ್ಳಿ ಹತ್ತಿರದ ಸುಂಕದ ನಾಕಾದಲ್ಲಿ ಜಮಾದಾರ ಡಬ್ಬಿ ಬಿಚ್ಚು ಎಂದ. ಬೆಳಕು ಬಿದ್ದರೆ ಕೆಡುತ್ತವೆ ಎಂದು ಕೈಮುಗಿದೆ.

ಮನುಷ್ಯ ಒಳ್ಳೆಯವನು. ಫಿಕರ್ ಮಾಡಬ್ಯಾಡ್ರಿ ಎನ್ನುತ್ತ ಕೋಣೆಯ ಕಿಟಕಿ ಮುಚ್ಚಿದ, ಬಾಗಿಲ ಸಂದಿಗೆ ತನ್ನ ರುಮಾಲನ್ನೇ ತುರುಕಿದ. ಕೈಗೆ ಕೈ ಕಾಣದ ಕತ್ತಲಾಯಿತು. ಆಮೇಲೆ ಡಬ್ಬಿ ಬಿಚ್ಚಿ ಒಂದಿಷ್ಟು ತಡಕಾಡಿದ.

"ಒಳಗೇನದ ಏನೂ ಕಾಣವಲ್ದಲ್ರಿ," ಎಂದು ಕಡ್ಡಿ ಗೀರಿದ.

ಗೌಡರ ಗುಡ್ಡ

ಉಳಿದದ್ದು ಎರಡೇ. ಒಂದನ್ನು ಜೇವರ್ಗಿ ಕಡೆಯ ಗೌಡರೊಬ್ಬರಿಗೆ ಮೊದಲೇ ಒಪ್ಪಿಕೊಂಡಿದ್ದೆ. ಅವರ ಷಡ್ಡಕರು ಮಹಾಬಳೇಶ್ವರದ ಬೆಟ್ಟದ ತುದಿಯಲ್ಲಿ ನಿಂತ ಫೋಟೊ ಕಳಿಸಿದ್ದರು. ಅಂದಿನಿಂದ ಗೌಡರಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಊರಾಚೆಯ ಗುಡ್ಡ ಹತ್ತಿದೆವು. ಗೌಡರು ಐದು ಕಡೆ ಕೂತರು, ಎರಡು ಕಡೆ ಧೋತರ ಹರಿದುಕೊಂಡರು, ನನ್ನ ಸ್ಟ್ಯಾಂಡನ್ನು ಊರುಗೋಲು ಮಾಡಿಕೊಂಡರು. ತುದಿಯ ಬಂಡೆ ಏರಿ ಮೀಸೆ ತಿರುವಿದರು. ಭರ್ಜರಿಯಾಗಿ ಬರಲಿ ಎಂದು ನಾನು ತಗ್ಗಿನಲ್ಲಿ ಕೂತು ತೆಗೆದೆ. ತೊಳೆದು ನೋಡಿದರೆ ಗೌಡರಿದ್ದಾರೆ, ಮೀಸೆ ಇದೆ, ಸುತ್ತ ಬರೀ ಆಕಾಶ. ಗುಡ್ಡದ ಗುರುತೇ ಇಲ್ಲ. ತಪ್ಪು ನನ್ನದೇ, ಆದರೆ ಒಪ್ಪಿಕೊಳ್ಳುವಷ್ಟು ಧೈರ್ಯ ಇರಲಿಲ್ಲ.

ಗೌಡರು ಹೆಮ್ಮೆಯಿಂದ ಅದನ್ನೇ ಕಳಿಸಿದರು. ವಾರದಲ್ಲಿ ಷಡ್ಡಕರ ಕಾಗದ ಬಂತು: ಮಾಳಿಗೆ ಮ್ಯಾಲ ನಿಂತ ಫೋಟೊ ಚಲೋ ಬಂದದ, ಹೊಸ ಮಾಳಿಗೆ ಯಾವಾಗ ಕಟ್ಟಿಸಿದ್ರಿ?

ಕಡೆಯ ಪ್ಲೇಟು

ಒಂದೇ ಪ್ಲೇಟು ಹಿಡಿದು ಸರಸಂಬಾಕ್ಕೆ ಹೋದೆ. ಮಗಳ ಗಂಡ ಹೊಲದಲ್ಲಿದ್ದ; ಮನೆಯಲ್ಲಿ ಅವಳು ಮತ್ತು ಮಾವ. ಮಾವನ ಎದುರು ಸೊಸೆ ಸೆರಗು ಸರಿಸುವಂತಿಲ್ಲ. ಪರಗಂಡಸು ಬಂದಾಗ ಸೊಸೆಯನ್ನು ಬಿಟ್ಟು ಮಾವ ಹೊರಗೆ ಹೋಗುವಂತಿಲ್ಲ. ಹೀಗೇ ತೆಗೆದರೆ ಅಜ್ಜಿಗೆ ಕಾಣುವುದು ಬರೀ ಇಳಕಲ್ ಸೀರೆ.

ನನಗೊಂದು ಉಪಾಯ ಹೊಳೆಯಿತು. ಪ್ಲೇಟು ಕೂಡಿಸಿದ ಮೇಲೆ ಕ್ಯಾಮೆರಾದ ಹಿಂದಿನಿಂದ ಏನೂ ಕಾಣುವುದಿಲ್ಲ, ಪೂರ್ತಿ ಕತ್ತಲು. ಅದು ಹಳ್ಳಿಯ ಮುದುಕನಿಗೇನು ಗೊತ್ತು? ಪ್ಲೇಟು ಕೂಡಿಸಿ, ಯಜಮಾನರೇ, ಫೋಟೊ ಹೇಗೆ ಬರುತ್ತದೆ ನೀವೇ ಒಳಗೆ ನೋಡಿ ಎಂದು ಕರೆದು, ಅವರ ತಲೆಯ ಮೇಲೆ ಕರಿ ಬಟ್ಟೆ ಇಳಿಬಿಟ್ಟೆ. ಸೊಸೆಗೆ ಕೈಸನ್ನೆ ಮಾಡಿದೆ. ಅವಳು ಹೆದರುತ್ತ ಸೆರಗು ಸರಿಸಿದಳು.

"ಕಾಣ್ತದೇನ್ರಿ ಯಜಮಾನ್ರ?" ಎಂದೆ.

"ಭಾಳ ಚಂದ ಕಾಣ್ತದ್ರಿ," ಎಂದರು ಬಟ್ಟೆಯೊಳಗಿನಿಂದ.

ಗವ್ವೆನ್ನುವ ಕತ್ತಲಲ್ಲಿ ಅದೇನು ಚಂದ ಕಂಡಿತೋ. ಮುದುಕ ಜಂಬಕ್ಕೆ ಹೇಳುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ಬಗ್ಗಿ ನಿಂತ ಮಾವನ ಕರಿ ಬೆನ್ನು ನೋಡಿ ಸೊಸೆಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೇ ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ.

ಅಜ್ಜಿ ಫೋಟೊವನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಗಾಕತ್ಯಾಳ. ಸುಖದಾಗ ಅದಾಳ," ಅಂದಳು.

ನನಗೂ ಕಣ್ಣು ತುಂಬಿ ಬಂತು. ಜೊತೆಗೆ, ಆ ಮುದುಕನಿಗೆ ಮೋಸ ಮಾಡಿದೆನಲ್ಲ ಎಂಬ ಅಳುಕೂ ಹತ್ತಿತು. ಮುಂದಿನ ಸಲ ಸರಸಂಬಾಕ್ಕೆ ಹೋದಾಗ ತಪ್ಪೊಪ್ಪಿಕೊಂಡೆ. ಆವತ್ತು ಕ್ಯಾಮೆರಾದೊಳಗೆ ಬರೀ ಕತ್ತಲಿತ್ತು, ಅಲ್ಲಿ ಏನೂ ಕಾಣುತ್ತಿರಲಿಲ್ಲ, ಕ್ಷಮಿಸಿ ಎಂದೆ.

ಮುದುಕ ಬೆರಗಾಗಿ ನನ್ನನ್ನೇ ನೋಡಿದರು.

"ಕತ್ತಲಿತ್ತೇನ್ರಿ? ನನಗ ಹ್ಯಾಂಗ ಗೊತ್ತಾಗಬೇಕು? ಸೊಸಿ ಮಾರಿ ಕಂಡೀತು ಅಂತ ನಾ ಕಣ್ಣ ಗಟ್ಟಿ ಮುಚ್ಚಿಕೊಂಡು ನಿಂತಿದ್ದೆ. ಕಾಣವಲ್ದು ಅಂದಿದ್ರ ನೀವು ಮತ್ತ ತೋರಸಾಕ ಬರ್ತಿದ್ರಿ."